ಎರಡೂವರೆ ಸುತ್ತಿಗೊಂದು ನರಳಿಕೆ

ಮತ್ತೆ ಬಂತು, ಗೊಂಯ್ — ಎಡಗಾಲಿನ ಹಿಮ್ಮಡಿಯ ಹತ್ತಿರದಿಂದ, ಯಾರೋ ಭಾರದ ಬೀರುವನ್ನು ನೆಲದ ಮೇಲೆ ಅರ್ಧ ಗೇಣು ಎಳೆದು ಬಿಟ್ಟ ಹಾಗೆ, ಆಮೇಲೆ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಗೊಂಯ್, ರೀ, ಕೇಳಿಸ್ತಾ, ಅಂದೆ, ಇವರ ಹೆಲ್ಮೆಟ್ಟು ಅಲ್ಲಾಡಲಿಲ್ಲ, ರೀ, ಅಂತ ಭುಜ ತಟ್ಟಿದೆ, ಏನೇ, ಗಾಳಿ ಕಣೆ, ಸುಮ್ನೆ ಕೂತ್ಕೋ. ಗಾಳಿಯಂತೆ, ಮುಂದೆ ತರಕಾರಿ ಗಾಡಿ, ಅದರ ಮುಂದೆ ಬಸ್ಸು, ನಾವು ಹೋಗುತ್ತಿರುವುದು ಮಗು ಅಂಬೆಗಾಲಿಡುವ ವೇಗದಲ್ಲಿ, ಇದರಲ್ಲಿ ಗಾಳಿ ಎಲ್ಲಿಯದು, ಅದೂ ಕಾಲಿನ ಕೆಳಗಿಂದ ಬರುವ ಗಾಳಿ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಕತ್ತರಿ, ಅಳತೆ ಟೇಪು, ಗುರುತು ಹಾಕುವ ಸೀಮೆಸುಣ್ಣ, ನಿಮ್ಮ ಸಾಮಾನು ನೀವೇ ತರತಕ್ಕದ್ದು ಎಂದು ಪತ್ರದಲ್ಲಿತ್ತು, ಹನ್ನೊಂದಕ್ಕೆ ಪರೀಕ್ಷೆ, ಹನ್ನೊಂದರ ನಂತರ ಬಂದವರನ್ನು ಒಳಗೆ ಬಿಡಲಾಗುವುದಿಲ್ಲ, ಹೊಲಿಗೆ ಕಲಿಸುವ ಕೆಲಸ, ಇರುವುದು ಒಂದೇ ಜಾಗ, ಮೂವತ್ತು ಹುಡುಗಿಯರ ತರಗತಿ, ನಲವತ್ತಾರು ವರ್ಷಕ್ಕೆ ಮೊದಲ ಸಲ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಹಾಕಿದ್ದೇನೆ ಅಂದರೆ ಮಗಳು ಹಾಕಿದಳು, ಅಮ್ಮಾ, ಅನುಭವ ಎಷ್ಟು ವರ್ಷ ಅಂತ ಬರೀಲಿ, ಇಪ್ಪತ್ತೆರಡು ಅಂದೆ, ಇವರು ಪೇಪರಿನ ಹಿಂದಿನಿಂದ, ಮನೇಲಿ ಕೂತು ಹೊಲ್ದಿದ್ದನ್ನೂ ಅನುಭವ ಅಂತಾರೇನೇ, ಅಂದರು, ತಮಾಷೆಗೆ, ಇವರು ಅನ್ನುವುದೆಲ್ಲ ತಮಾಷೆಗೇ, ಮಗಳು ಮಾತ್ರ ನಗದೆ ಫೋನಿನಲ್ಲಿ ಇಪ್ಪತ್ತೆರಡು ಅಂತ ಒತ್ತಿದಳು. ಗೊಂಯ್. ಬಸ್ಸು ಮುಂದೆ ಹೋಯಿತು, ವೇಗ ಹೆಚ್ಚಿತು, ಬಿಡಿಬಿಡಿಯಾಗಿದ್ದ ಸದ್ದುಗಳು ಒಂದರ ಬಾಲ ಒಂದು ಹಿಡಿದುಕೊಂಡು ಒಂದೇ ಗೂಂಕಾರವಾಯಿತು, ಈಗ ನಿಜವಾಗಿಯೂ ಗಾಳಿ ಇದೆ, ಈಗ ಇವರಿಗೆ ಇನ್ನೂ ಅನುಕೂಲ.

ಇದೆಲ್ಲ ಶುರುವಾದದ್ದು ಭಾನುವಾರ, ಅದಕ್ಕೂ ಮುಂಚೆ ಇದ್ದದ್ದು ಬೇರೆ ಸದ್ದು, ಚೈನು ಸಡಿಲವಾಗಿ ಕವರಿನ ಒಳಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಅದು ಇವರಿಗೂ ಕೇಳಿಸಿತು, ಇವರಿಗೆ ಕೇಳಿಸಿದರೆ ಸದ್ದು, ನನಗೆ ಕೇಳಿಸಿದರೆ ಭ್ರಮೆ, ಇರಲಿ, ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆವು, ಹತ್ತೊಂಬತ್ತು ವರ್ಷದ ಗಾಡಿ, ಮಗಳು ಹುಟ್ಟಿದ ವರ್ಷ ತಂದದ್ದು, ಮಗಳು ಕೆಮ್ಮಿದರೆ ನೋಡೋಣ ಬಿಡು ಅನ್ನುವವರು ಗಾಡಿ ಕೆಮ್ಮಿದರೆ ಓಡುತ್ತಾರೆ — ಛೆ, ಹಾಗೆ ಅನ್ನಬಾರದು, ಅವಳಿಗೆ ಜ್ವರ ಏರಿದಾಗ ಇದೇ ಗಾಡಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಚಪ್ಪಲಿ ಕೂಡ ಹಾಕಿಕೊಳ್ಳದೆ, ಆಸ್ಪತ್ರೆಗೆ ಹೋದವರೂ ಇವರೇ. ಆ ಮೆಕ್ಯಾನಿಕ್ಕು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದ, ಹಿಂದಿನ ಚಕ್ರ ಗಾಳಿಯಲ್ಲಿ ತೇಲುತ್ತಿತ್ತು, ಚೈನು ಬಿಗಿಯುವ ಎರಡೂ ಕಡೆಯ ನಟ್ಟು ಒಂದೊಂದೇ ಸುತ್ತು ಬಿಗಿದ, ಚಕ್ರವನ್ನು ಕೈಯಲ್ಲಿ ತಿರುಗಿಸಿದ, ಇನ್ನರ್ಧ ಸುತ್ತು ಬಿಗಿದ, ಇನ್ನೊಂದು ವರ್ಷ ಇದರ ಕಡೆ ತಿರುಗಿ ನೋಡ್ಬೇಡಿ ಸಾರ್, ಅಂದ, ಇವರ ಮುಖ ಅರಳಿತು. ಮನೆ ತಲುಪುವ ಮುಂಚೆಯೇ ಗೊಂಯ್. ನಾನೇ ಹಟ ಹಿಡಿದು ಗಾಡಿ ವಾಪಸು ಅಂಗಡಿಗೆ ತಿರುಗಿಸುವ ಹಾಗೆ ಮಾಡಿದೆ, ಆ ಮೆಕ್ಯಾನಿಕ್ಕು ಒಬ್ಬನೇ ಹತ್ತಿ ಬೀದಿಯ ತುದಿ ಮುಟ್ಟಿ ಬಂದ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿ ದೊಡ್ಡ ಡಾಕ್ಟರ ಹಾಗೆ ಕಣ್ಣು ಮುಚ್ಚಿದ, ಏನೂ ಇಲ್ಲ ಸಾರ್, ಬೆಣ್ಣೆ ಬೆಣ್ಣೆ, ಇವರೂ ಒಬ್ಬರೇ ಒಂದು ಸುತ್ತು ಹೋಗಿ ಬಂದರು, ಹೂಂ, ಏನೂ ಇಲ್ಲ, ಆಮೇಲೆ ಅವನು ನನ್ನ ಕಡೆ ನೋಡಿ ಹಲ್ಲು ಕಿರಿದ, ಗಾಡಿ ಸರಿಯಾಗೇ ಇದೆ ಅಕ್ಕಾ, ಹಿಂದೆ ಲೋಡು ಜಾಸ್ತಿ ಆದ್ರೆ ಪಾಪ ಅದೂ ನರಳುತ್ತೆ. ಇವರು ನಕ್ಕರು. ನಗುವ ಮುಂಚೆ ಒಂದು ಕ್ಷಣ ನನ್ನ ಮುಖ ನೋಡಿದರು, ನೋಡಿಯೂ ನಕ್ಕರು, ಅದು ಹೆಚ್ಚು ಚುಚ್ಚಿತು. ಇವರಿಗೇನು, ಕಡ್ಡಿ ಪೈಲ್ವಾನ್, ನೀರಿನ ಮೀಟರು ಓದುತ್ತಾ ದಿನವಿಡೀ ಬೀದಿ ಬೀದಿ ಹತ್ತಿ ಇಳಿದು, ತಿಂದದ್ದು ಎಲ್ಲಿಗೆ ಹೋಗುತ್ತದೋ, ನನ್ನದು ಕೂತು ಮಾಡುವ ಕೆಲಸ, ತಿಂದದ್ದು ನನ್ನ ಜೊತೆಯಲ್ಲೇ ಕೂರುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಲ್ಲೇ ಅಂಗಡಿಯ ಮುಂದೆ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು ನಿಂತೆ. ಮನೆಗೆ ನಡೆದುಕೊಂಡೇ ಹೋದೆ, ಆಮೇಲೆ ಐದು ದಿನ ಈ ಗಾಡಿ ಹತ್ತಲಿಲ್ಲ.

ಐದು ದಿನವೂ ಸಂಜೆ ಬಂದು ಹೆಲ್ಮೆಟ್ಟು ತೆಗೆಯುತ್ತಾ, ನಿನ್ನ ಸದ್ದು ಇವತ್ತೂ ಬರ್ಲಿಲ್ಲ ಕಣೆ, ನಿನ್ನ ಬಿಟ್ಟು ಬರಲ್ಲ ಅನ್ಸುತ್ತೆ, ಅನ್ನುತ್ತಿದ್ದರು, ಮಗಳು ಅಪ್ಪಾ ಸಾಕು ಅನ್ನುತ್ತಿದ್ದಳು. ಬಸ್ಸಿನಲ್ಲೇ ಹೋಗುತ್ತೇನೆ ಎಂದು ನಿನ್ನೆ ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ, ಬೆಳಗ್ಗೆ ನೋಡಿದರೆ ಇವರು ಗಾಡಿ ಒರೆಸುತ್ತಿದ್ದಾರೆ, ಅರ್ಧ ದಿನ ರಜಾ ಹಾಕಿದ್ದೀನಿ, ನಾನೇ ಬಿಡ್ತೀನಿ ನಡಿ, ಅಂದರು, ಸೀಟಿನ ಹಿಂದಿನ ಭಾಗವನ್ನು, ನಾನು ಕೂರುವ ಜಾಗವನ್ನು, ಎರಡು ಸಲ ಒರೆಸಿದರು, ಇಂಥವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ, ಪೂರ್ತಿ ಬಿಡುವುದಕ್ಕೂ ಆಗುವುದಿಲ್ಲ, ಗಂಟಲಿನಲ್ಲಿ ಸಿಕ್ಕಿಕೊಂಡ ಮಾತ್ರೆಯ ಹಾಗೆ. ಈಗ ಇಳಿಜಾರು, ಇವರು ನ್ಯೂಟ್ರಲ್ಲಿಗೆ ತಳ್ಳಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು, ಹತ್ತೊಂಬತ್ತು ವರ್ಷದಿಂದ ಪ್ರತಿ ಇಳಿಜಾರಿನಲ್ಲೂ ಹೀಗೆ ಚಮಚದಷ್ಟು ಪೆಟ್ರೋಲು ಉಳಿಸುತ್ತಾ ಬಂದಿದ್ದಾರೆ, ಮುಂದೆ ಲಾರಿಯೊಂದು ತೆವಳುತ್ತಿದೆ, ನಾವೂ ಅದರ ಹಿಂದೆ ತೆವಳುತ್ತಾ — ನಿಶ್ಶಬ್ದ, ಇಂಜಿನ್ ಇಲ್ಲ, ಗಾಳಿ ಇಲ್ಲ, ಆದರೂ ಗೊಂಯ್. ಹಾಗಾದರೆ ಇಂಜಿನ್ನಲ್ಲ. ಅವನು ಸ್ಕ್ರೂಡ್ರೈವರು ಇಟ್ಟು ಕೇಳಿದ ಜಾಗದಲ್ಲಿ ರೋಗವೇ ಇರಲಿಲ್ಲ. ಇವರು ಹಿಂದಿನ ಬ್ರೇಕು ತುಳಿದರು, ಸದ್ದು ಬದಲಾಗಲಿಲ್ಲ, ಬಿಟ್ಟರು, ಬದಲಾಗಲಿಲ್ಲ, ಬ್ರೇಕೂ ಅಲ್ಲ. ತಿರುವಿನಲ್ಲಿ ಗಾಡಿ ಎಡಕ್ಕೆ ಒರಗಿತು, ಬಲಕ್ಕೆ ಒರಗಿತು, ಚಕ್ರದ ಬೇರಿಂಗ್ ಹೋಗಿದ್ದರೆ ಒಂದು ಕಡೆ ಒರಗಿದಾಗ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆಗಬೇಕಿತ್ತು, ಇವರೇ ಹಿಂದೊಮ್ಮೆ ಯಾರಿಗೋ ಹೇಳುತ್ತಿದ್ದರು, ಆಗಲಿಲ್ಲ. ಮತ್ತೆ ಇದೇನಿದು, ಟಿಕ್, ಟಿಕ್ — ಹಿಂದಿನ ಟೈರಿನ ಗೀರಿನಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ರಸ್ತೆಗೆ ಬಡಿಯುತ್ತಿದೆ, ಟಿಕ್, ಟಿಕ್, ಗೊಂಯ್, ಟಿಕ್, ಟಿಕ್, ಟಿಕ್, ಗೊಂಯ್, ನಾನು ಬೆರಳಿನಿಂದ ಚೀಲದ ಮೇಲೆ ಲೆಕ್ಕ ಹಾಕಿದೆ, ಎರಡು, ಮೂರು, ಎರಡು, ಮೂರು, ಎರಡೂವರೆ ಸುತ್ತಿಗೊಂದು ನರಳಿಕೆ. ಚಕ್ರದ್ದಾಗಿದ್ದರೆ ಸುತ್ತಿಗೊಂದು ಬರಬೇಕಿತ್ತು. ಇದು ಚಕ್ರಕ್ಕಿಂತ ಉದ್ದವಾದದ್ದು, ಚಕ್ರ ಎರಡೂವರೆ ಸಲ ತಿರುಗುವಷ್ಟರಲ್ಲಿ ಒಂದೇ ಸಲ ತಿರುಗಿ ಬರುವಂಥದ್ದು.

ಇದು ನನಗೆ ಗೊತ್ತು, ಅಯ್ಯೋ, ಇದು ನನಗೆ ಚೆನ್ನಾಗಿ ಗೊತ್ತು, ಹೊಲಿಗೆ ಯಂತ್ರದ ತೊಗಲಿನ ಬೆಲ್ಟಿಗೆ ಒಂದು ಕಡೆ ತಂತಿಯ ಕೊಕ್ಕೆ ಹಾಕಿ ಜೋಡಿಸಿರುತ್ತೇವೆ, ಮೇಲಿನ ಗಾಲಿ ಎಷ್ಟೋ ಸಲ ತಿರುಗಿದ ಮೇಲೆ ಆ ಕೊಕ್ಕೆ ಒಂದು ಸಲ ಬಂದು ಚಿಟ್ ಅನ್ನುತ್ತದೆ, ಗಾಲಿಯ ಸದ್ದು ಬೇರೆ, ಬೆಲ್ಟಿನ ಸದ್ದು ಬೇರೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಇದು ಚೈನು. ಹಳೆಯ ಚೈನು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ, ಎಲ್ಲೋ ಒಂದು ಕಡೆ ಗಿಡ್ಡ, ಆ ಗಿಡ್ಡ ಭಾಗ ಬಂದಾಗ ನರಳುತ್ತದೆ, ನರಳುತ್ತದೆ ಅಂದರೆ ಬಿಗಿಯಾಗಿದೆ, ಬಿಗಿಯಾಗಿದ್ದರೆ ಇವರೊಬ್ಬರೇ ಹೋದಾಗ ಯಾಕೆ ಬರುವುದಿಲ್ಲ, ಅದೊಂದು ತಿಳಿಯುವುದಿಲ್ಲ, ಅವನು ಚಕ್ರ ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ತಿರುಗಿತಲ್ಲ. ಚಿಕ್ಕಮ್ಮ. ನನಗೆ ಹೊಲಿಗೆ ಕಲಿಸಿದ ಚಿಕ್ಕಮ್ಮ, ಬಾಯಿಯ ತುಂಬ ಗುಂಡುಸೂಜಿ ಇಟ್ಟುಕೊಂಡೇ ಬೈಯುತ್ತಿದ್ದವಳು, ಒಂದು ಸಲ ಬೆಲ್ಟು ಜಾರುತ್ತದೆ ಎಂದು ನಾನು ಎರಡು ಬೆರಳಿನಷ್ಟು ಕತ್ತರಿಸಿ ಬಿಗಿಯಾಗಿ ಜೋಡಿಸಿದ್ದೆ, ಗಾಲಿ ತಿರುಗಿಸಿ ತೋರಿಸಿದೆ, ನೋಡು ಚಿಕ್ಕಮ್ಮ ಎಷ್ಟು ಚೆನ್ನಾಗಿ ತಿರುಗುತ್ತೆ, ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು, ತೆಗೆದಳು ಅಂದರೆ ಬೈಗುಳ ದೊಡ್ಡದಿದೆ ಎಂದು ಅರ್ಥ, ಕೈಯಲ್ಲಿ ತಿರುಗಿಸಿ ನೋಡಿದ್ರೆ ಎಲ್ಲ ಚೆನ್ನಾಗೇ ಇರುತ್ತೆ, ಬಟ್ಟೆ ಇಟ್ಟು, ಕೂತು, ತುಳಿದು ನೋಡೇ. ತುಳಿದೆ, ಯಂತ್ರ ನರಳಿತು, ಇದೇ ಸದ್ದು, ಮೂರನೆಯ ದಿನ ಬೆಲ್ಟು ಪಟ್ಟೆಂದು ತುಂಡಾಗಿ ಮೊಳಕಾಲಿಗೆ ಬಡಿಯಿತು, ಬರೆ ಬಿತ್ತು, ಅಷ್ಟೇ, ಅದು ತೊಗಲು. ಇದು ಕಬ್ಬಿಣ. ಹಿಂದಿನ ಬೀದಿಯ ಹಾಲಿನವನ ಗಾಡಿಯ ಚೈನು ತುಂಡಾಗಿ ಚಕ್ರಕ್ಕೆ ಸುತ್ತಿಕೊಂಡಿತ್ತು, ಚಕ್ರ ಅಲ್ಲಿಗಲ್ಲೇ ಹಿಡಿದುಕೊಂಡು ಗಾಡಿ ಅವನನ್ನು ಎಳೆದುಕೊಂಡೇ ಹೋಯಿತಂತೆ, ಮೂರು ತಿಂಗಳು ಕಾಲು ಪ್ಲಾಸ್ಟರಿನಲ್ಲಿತ್ತು, ಅವನಿಗೂ ಯಾರಾದರೂ ಹಿಂದೆ ಕೂತು ಹೇಳಿದ್ದರೋ ಏನೋ. ಹಿತ್ತಲ ಗಿಡ ಮದ್ದಲ್ಲ.

ಹಂಪು, ಎಂದು ಇವರು ಕೂಗಿದರು, ಶಾಲೆಯ ಹತ್ತಿರ ಸಾಲಾಗಿ ಮೂರು ಹಂಪು, ಕೂಗಿದ ಕೂಡಲೇ ನಾನು ಕಾಲೊತ್ತಿ ಸೀಟಿನಿಂದ ಏಳುತ್ತೇನೆ, ಹತ್ತೊಂಬತ್ತು ವರ್ಷದ ಅಭ್ಯಾಸ, ಗಾಡಿಗೆ ಪೆಟ್ಟು ಬೀಳಬಾರದು, ಎದ್ದೆ — ಸದ್ದಿಲ್ಲ. ಕೂತೆ, ಗೊಂಯ್. ಎರಡನೆಯ ಹಂಪು, ಎದ್ದೆ, ಸದ್ದಿಲ್ಲ, ಎದ್ದೇ ಇದ್ದೆ, ಮೂರನೆಯದು ದಾಟಿತು, ಇಲ್ಲ, ಟಿಕ್ ಟಿಕ್ ಟಿಕ್ ಟಿಕ್ ಮಾತ್ರ, ಕಲ್ಲು ಮಾತ್ರ, ಕೂತೆ, ಗೊಂಯ್. ಓ. ನಾನು ಕೂತರೆ ಗಾಡಿಯ ಹಿಂಭಾಗ ತಗ್ಗುತ್ತದೆ, ತಗ್ಗಿದರೆ ಚೈನು ಎಳೆದುಕೊಳ್ಳುತ್ತದೆ, ಆ ಮೆಕ್ಯಾನಿಕ್ಕು ಚಕ್ರ ಗಾಳಿಯಲ್ಲಿ ತೇಲುವಾಗ ಬಿಗಿದ, ತಾನೊಬ್ಬನೇ ಕೂತು ನೋಡಿದ, ಇವರೊಬ್ಬರೇ ಕೂತು ನೋಡಿದರು, ಮೂವರಲ್ಲಿ ಇಬ್ಬರು ನೋಡಿದರು, ನೋಡಬೇಕಾದವಳು ಅಂಗಡಿಯ ಮುಂದೆ ಹೊಟ್ಟೆ ಎಳೆದುಕೊಂಡು ನಿಂತಿದ್ದಳು. ಸಿಕ್ಕಿತು, ಎಂದು ಒಂದು ಕ್ಷಣ ಎಷ್ಟು ಸಂತೋಷ, ಭುಜ ತಟ್ಟುವುದಕ್ಕೆ ಕೈ ಎತ್ತಿದೆ, ಎತ್ತಿದ ಕೈ ಅಲ್ಲೇ ನಿಂತಿತು — ಏನೆಂದು ಹೇಳಲಿ, ನನ್ನ ಭಾರಕ್ಕೇ ಬರುತ್ತಿದೆ ಅನ್ನಲೇ, ಅವನು ಅಂದದ್ದೂ ಅದೇ ಅಲ್ಲವೇ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗೆ, ಸಂಜೆ ಮಗಳ ಮುಂದೆ, ಕೊನೆಗೂ ನಿಮ್ಮಮ್ಮ ಒಪ್ಪಿಕೊಂಡ್ಳು ಕಣೇ, ಅಂತ ಶುರುವಾಗುತ್ತದೆ, ತಮಾಷೆಗೆ. ಗಡಿಯಾರ ನೋಡಿದೆ, ಹತ್ತೂ ಕಾಲು, ಇನ್ನೂ ಅರ್ಧ ಗಂಟೆಯ ದಾರಿ, ಮುಂದೆ ದೊಡ್ಡ ರಸ್ತೆ, ಅಲ್ಲಿ ಲಾರಿಗಳು, ಅಲ್ಲಿ ಇವರು ಇನ್ನೂ ಜೋರಾಗಿ ಬಿಡುತ್ತಾರೆ. ನಿಲ್ಲಿಸಿದರೆ ಹೊತ್ತು ಮೀರುತ್ತದೆ, ಒಂದೇ ಜಾಗ, ಬೇರೆ ಯಾರೋ ತಮ್ಮ ಕತ್ತರಿ ತೆಗೆದು ಮೇಜಿನ ಮೇಲೆ ಇಡುತ್ತಾರೆ, ನಿಲ್ಲಿಸದಿದ್ದರೆ — ನಿಲ್ಲಿಸದೆ ಹೀಗೇ ಅರ್ಧ ಎದ್ದುಕೊಂಡೇ ಹೋದರೆ, ಭಾರವೆಲ್ಲ ಕಾಲಿನ ಮೇಲೆ ಹಾಕಿ, ಸೀಟಿಗೆ ಸುಮ್ಮನೆ ತಾಗಿದ ಹಾಗೆ, ಹಾಕಿದೆ, ಸದ್ದು ಸಣ್ಣದಾಯಿತು, ತೊಡೆ ನಡುಗಿತು, ಪರವಾಗಿಲ್ಲ, ಅರ್ಧ ಗಂಟೆ ತಾನೆ, ಹೇಗೂ ನಾನು ಯಾವತ್ತೂ — ಹೌದಲ್ಲ, ನಾನು ಯಾವತ್ತೂ ಹೀಗೇ ಕೂರುವುದು, ಅರ್ಧ ಕೂತು ಅರ್ಧ ಎದ್ದು, ಗಾಡಿಗೆ ಹೊರೆಯಾಗಬಾರದು ಎಂದು, ಈ ಗಾಡಿಯ ಮೇಲೆ ಮಾತ್ರವೂ ಅಲ್ಲ, ಸೋಫಾದ ತುದಿಯಲ್ಲಿ, ನೆಂಟರ ಮನೆಯ ಕುರ್ಚಿಯಲ್ಲಿ, ಫೋಟೋದಲ್ಲಿ ಎಲ್ಲರ ಹಿಂದೆ ಪಕ್ಕಕ್ಕೆ ತಿರುಗಿ. ನಾನು ಹಗುರಾದರೆ ಚೈನು ಸರಿಹೋಗುತ್ತದೆಯೇ, ಮೂವತ್ತು ಹುಡುಗಿಯರಿಗೆ ಏನು ಹೇಳಿಕೊಡಲಿ, ಯಂತ್ರ ನರಳಿದರೆ ಕಾಲು ಎತ್ತಿಬಿಡಿ, ಯಾರಿಗೂ ಹೇಳಬೇಡಿ, ಎಂದು ಹೇಳಿಕೊಡಲೇ. ಕೂತೆ, ಗೊಂಯ್, ಈ ಸಲ ಅದರ ಕೊನೆಯಲ್ಲಿ ಕಟ್ ಎಂದು ಏನೋ ಸಿಡಿದ ಹಾಗೆ ಆಗಿ ಫುಟ್‌ರೆಸ್ಟು ಪಾದದ ಕೆಳಗೆ ಒದ್ದಿತು.

ನಿಲ್ಸಿ, ಅಂದೆ, ಏನೇ, ನಿಲ್ಸಿ ಅಂದ್ರೆ ನಿಲ್ಸಿ, ಇಲ್ದಿದ್ರೆ ನಾನು ಇಳೀತೀನಿ, ಆ ದನಿ ನನ್ನದೇ, ಮೂರನೆಯ ಮನೆಗೆ ಕೇಳಿಸುವಂಥದ್ದು, ಇವರು ಗಾಬರಿಯಾಗಿ ಒಂದು ಉದ್ದನೆಯ ಗೋಡೆಯ ಪಕ್ಕ ನಿಲ್ಲಿಸಿದರು, ಹೆಲ್ಮೆಟ್ಟು ತೆಗೆದರು, ಬೆವರು, ಗಂಟೆ ಎಷ್ಟಾಯ್ತು ಗೊತ್ತೇನೇ, ನಿಂಗೇ ಹೋಗೋಕೆ ಭಯ ಅಂತ ಹೇಳು, ಅದಕ್ಕೆ ಗಾಡಿ ಮೇಲೆ ಯಾಕೆ ಹಾಕ್ತೀಯ. ಭಯ ಇದೆ, ಅಂದೆ, ಆದ್ರೆ ಇದು ಅದಲ್ಲ, ಚೈನು ನೋಡಿ. ಇವರು ಹಲ್ಲು ಕಚ್ಚಿಕೊಂಡು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಎತ್ತಿದರು, ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಆ ತೂತಿನೊಳಗೆ ಬೆರಳು ಹಾಕಿ ಒತ್ತಿದರು, ನೋಡು, ಆಡ್ತಾ ಇದೆ, ಸ್ವಲ್ಪ ಬಿಗಿ ಇರ್ಬೋದು, ಆದ್ರೆ ಆಡ್ತಾ ಇದೆ, ಸಾಕಾ, ಹೊರಡೋಣ್ವಾ. ಸ್ಟ್ಯಾಂಡ್ ಇಳಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ನಾನು ಹತ್ತಿ ಕೂರ್ತೀನಿ, ಆಗ ಬೆರಳು ಹಾಕಿ. ಯಾಕೆ, ಅಂದರು. ಯಾಕೆಂದು ಹೇಳಬೇಕು, ಈಗಲೇ, ಹೇಳಿದೆ, ಆ ಮೆಕ್ಯಾನಿಕ್ಕು ಹೇಳಿದ್ದು ನಿಜ ರೀ, ನನ್ನ ಭಾರಕ್ಕೇ ಬರೋದು ಆ ಸದ್ದು, ನಾನಿಲ್ದೆ ಬಿಗಿದ್ರಿ, ನಾನಿಲ್ದೆ ಓಡ್ಸಿ ನೋಡಿದ್ರಿ, ಈ ಗಾಡೀಲಿ ನಾನೂ ಕೂರ್ತೀನಿ ಅಂತ ನಿಮ್ಮಿಬ್ರಿಗೂ ನೆನಪೇ ಇರ್ಲಿಲ್ಲ. ನಗುತ್ತಾರೆ ಎಂದು ಕಾದೆ. ನಗಲಿಲ್ಲ. ಸ್ಟ್ಯಾಂಡ್ ಇಳಿಸಿದರು, ನಾನು ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿದೆ, ದಾರಿಯಲ್ಲಿ ಹೋಗುವವರು ನೋಡುತ್ತಿದ್ದಾರೆ, ನೋಡಲಿ, ಗಾಡಿ ನಿಂತಿದೆ, ಓಡಿಸುವವರಿಲ್ಲ, ಹಿಂದಿನ ಸೀಟಿನಲ್ಲಿ ಒಬ್ಬಳೇ ಒಬ್ಬಳು ಹೆಂಗಸು, ಇವರು ಮಣ್ಣಿನಲ್ಲಿ ಮಂಡಿಯೂರಿದರು, ಇಸ್ತ್ರಿ ಮಾಡಿದ ಪ್ಯಾಂಟು, ಕೂತಿದ್ದೀಯಾ, ಕೂತಿದ್ದೀನಿ, ಬೆರಳು ಒಳಗೆ ಹೋಯಿತು, ಒತ್ತಿದರು. ಮತ್ತೆ ಒತ್ತಿದರು. ಏಳು, ಅಂದರು, ಎದ್ದೆ, ಬೆರಳು ಒತ್ತಿತು, ಚೈನು ಕಟಕಟ ಎಂದು ಆಡಿತು, ಕೂತ್ಕೋ, ಕೂತೆ, ಬೆರಳು ಒತ್ತಿತು, ಚೈನು ಬಗ್ಗಲಿಲ್ಲ, ಇನ್ನೊಂದ್ಸಲ ಏಳು, ಎದ್ದೆ, ಆಡಿತು, ಕೂತ್ಕೋ, ಬಗ್ಗಲಿಲ್ಲ, ಗಡಿಯಾರ ನೋಡಿಕೊಳ್ಳಬೇಕು, ನೋಡಿಕೊಳ್ಳಲಿಲ್ಲ, ಇವರ ಕಿವಿ ಕೆಂಪಾಗುತ್ತಿದೆ, ಮೇಲೆ ನೋಡದೆ ಇನ್ನೊಂದು ಕೈ ಚಾಚಿದರು, ಸೀಟಿನ ಪಕ್ಕದ ಡಬ್ಬೀಲಿ ದೊಡ್ಡ ಸ್ಪ್ಯಾನರ್ ಇದೆ ಕೊಡು, ಕೊಟ್ಟೆ, ಕೊಡುವಾಗ ಕಾಲೊತ್ತಿ ಸ್ವಲ್ಪ ಎದ್ದೆನೇನೋ, ಏಳ್ಬೇಡ, ಅಂದರು, ನೀನು ಎದ್ರೆ ಅಳತೆ ತಪ್ಪುತ್ತೆ, ಪೂರ್ತಿ ಕೂತ್ಕೋ, ಭಾರ ಬಿಡು, ಬಿಟ್ಟಿದ್ದೀನಿ ಅಂದೆ, ಇಲ್ಲ ಕಣೆ, ಇನ್ನೂ ಹಿಡ್ಕೊಂಡಿದ್ದೀಯ, ನಂಗೆ ಬೆರಳಲ್ಲಿ ಗೊತ್ತಾಗುತ್ತೆ, ಇನ್ನೂ ಬಿಡು — ಪಾದ ಸಡಿಲಿಸಿದೆ, ತೊಡೆ ಸಡಿಲಿಸಿದೆ, ಹೊಟ್ಟೆ ಬಿಟ್ಟೆ, ಕೆಳಗೆ ಆ ಸಣ್ಣ ತೂತು, ಅದರೊಳಗೆ ಮಸಿ ಹಿಡಿದ ಅವರ ಬೆರಳು, ಒತ್ತುತ್ತಿದೆ, ಚೈನು ಬಗ್ಗುತ್ತಿಲ್ಲ, ಇನ್ನೊಂದು ಕೈಯ ಸ್ಪ್ಯಾನರ್ ನಟ್ಟನ್ನು ಕಾಲು ಸುತ್ತು ಸಡಿಲಿಸಿತು, ಬೆರಳು ಮತ್ತೆ ಒತ್ತುತ್ತಿದೆ.